ಕಾಲೇಜಿನವರನ್ನು ಒಲೆ ಹತ್ತಿರ ಕರೆಯುವುದು ಹೇಗೆ?

ಶಿರಸಿ ಕಡೆ ಅಡಿಕೆ ಬೇಯಿಸಿ ಹಂಡೆ ಇಳಿಸುವ ಹೊತ್ತಿಗೆ ಕಟ್ಟಿಗೆ ರಾಶಿ ಅರ್ಧ ಕರಗಿರುತ್ತದೆ. ಎಷ್ಟು ಹೋಯಿತು ಎಂದು ಕೇಳಿ ನೋಡಿ, ‘ಸುಮಾರು ಹೋಯ್ತು’ ಅಂತಾರೆ. ಈ ‘ಸುಮಾರು’ ಎಷ್ಟೆಂದು ಅಳೆದುಕೊಡುವವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದಾರೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಹೊಗೆ, ಡೀಸೆಲ್, ಕಟ್ಟಿಗೆ ಕಡಿಮೆ ಮಾಡಬೇಕೆಂದರೆ ಇವರ ಬಾಗಿಲು ತಟ್ಟಬಹುದು.

ಮೊದಲು, ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ‘ಹವಾಮಾನ ಬದಲಾವಣೆ ಬಗ್ಗೆ ಮಾರ್ಗದರ್ಶನ ನೀಡಿ’ ಎಂದು ಬರೆದರೆ ಒಂದು ಭಾಷಣ ಸಿಗುತ್ತದೆ, ಜತೆಗೆ ಒಂದು ಸಸಿ. ‘ಒಂದು ಕ್ವಿಂಟಲ್ ಅಡಿಕೆ ಬೇಯಿಸಲು ನಮ್ಮ ಒಲೆ ಎಷ್ಟು ಕಟ್ಟಿಗೆ ತಿನ್ನುತ್ತದೆ?’ ಎಂದು ಬರೆಯಿರಿ. ಕುಮಟಾದ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ರೈತರಾದರೆ, ಉಪ್ಪು ತಾಳುವ ಕಗ್ಗ ಭತ್ತದ ಗದ್ದೆಗೆ ಯಾವ ತಿಂಗಳು ಎಷ್ಟು ಉಪ್ಪು ನುಗ್ಗುತ್ತದೆ ಎಂದು ಕೇಳಬಹುದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ, ಸೇರಿದ ಮೇಲೆ ಈ ಪ್ರಶ್ನೆಗೆ ತೂಕ ಜಾಸ್ತಿ.

ಅರ್ಜಿಯನ್ನು ವಿಭಾಗದ ಮುಖ್ಯಸ್ಥರಿಗೆ ಕೊಡಿ. ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಹುಡುಕುವ ಹೊತ್ತಿಗೇ ಹೋದರೆ ಒಳ್ಳೆಯದು.

ಇನ್ನು ಅಳತೆ. ಇಲ್ಲಿ ಅವಸರ ಬೇಡ. ಒಲೆಗೆ ಹಾಕುವ ಮುಂಚೆ ಕಟ್ಟಿಗೆ ತೂಗಿ, ಉಳಿದದ್ದನ್ನೂ ತೂಗಿ. ಅದೇ ಹಂಡೆ, ಅಷ್ಟೇ ನೀರು, ಅಷ್ಟೇ ಅಡಿಕೆ, ಮೂರು ದಿನ. ಕಟ್ಟಿಗೆ ಹಸಿಯೋ ಒಣಗಿದ್ದೋ ಬರೆದಿಡಿ. ಹಸಿ ಕಟ್ಟಿಗೆಯ ಶಾಖದ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹೊಗೆಗೆ ಕಣ್ಣುರಿ ಬೇರೆ. ಆಮೇಲೆ ಒಲೆ ಬದಲಿಸಿ ಮತ್ತೆ ಮೂರು ದಿನ. ಒಲೆ ಸುಧಾರಿಸುವುದು ದೊಡ್ಡ ವಿದ್ಯಾಸಂಸ್ಥೆಗಳಿಗೆ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಹೆಸರೇ ಒಲೆಗೂ ಬಂತು, ‘ಅಸ್ತ್ರ ಒಲೆ’ ಅಂತ.

ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವೇ ಸರಿಯಾದ ಸಮಯ. ಬೋಟು ದಡದಲ್ಲಿರುತ್ತದೆ, ಅದರ ತಳಕ್ಕೆ ಅಂಟಿದ ಪಾಚಿ, ಚಿಪ್ಪು ಕಣ್ಣಿಗೆ ಬೀಳುತ್ತವೆ. ತಳ ಒರಟಾದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ, ಡೀಸೆಲ್ ಸುಡುತ್ತದೆ. ತಳಕ್ಕೆ ಏನೇನು ಅಂಟುತ್ತದೆ ಎಂದು ಹೇಳಲು ಕಡಲ ಜೀವಶಾಸ್ತ್ರದವರೇ ಸರಿ. ಋತು ಶುರುವಾದ ಮೇಲೆ ಪ್ರತಿ ಟ್ರಿಪ್ಪಿಗೆ ಎಷ್ಟು ಲೀಟರ್, ಎಷ್ಟು ಗಂಟೆ ಎಂದು ಬರೆದಿಡಿ.

ಹೊಗೆ ಲೆಕ್ಕ ಕಷ್ಟವಿಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರ್ ಡೀಸೆಲ್ ಒಂದು ಕೆಜಿಯೂ ತೂಗುವುದಿಲ್ಲ, ಹೊಗೆ ಅಷ್ಟು ಹೇಗೆ ಅಂತೀರಾ? ಸುಡುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ. ನೂರು ಲೀಟರ್ ಉಳಿಸಿದರೆ 270 ಕೆಜಿ, ಜತೆಗೆ ಬಂಕಿನ ಬಿಲ್ಲು ಹಗುರ.

ಕೊನೆಯದು ಕರಾರು. ವರದಿ ಕನ್ನಡದಲ್ಲಿರಬೇಕು, ಒಂದೇ ಪುಟ ಸಾಕು, ಅದನ್ನು ಊರಿನವರ ಮುಂದೆ ಓದಿ ಹೇಳಬೇಕು. ಮೊದಲ ದಿನವೇ ಇದನ್ನು ಕೇಳಿಕೊಳ್ಳಿ. ನಮ್ಮ ತೋಟದ ಮಣ್ಣನ್ನು ಒಮ್ಮೆ ಯಾರೋ ಆರು ಪೊಟ್ಟಣ ಕಟ್ಟಿ ಒಯ್ದಿದ್ದರು. ಈಗಲೂ ನಾವು ಆ ವರದಿಗೆ ಕಾಯ್ತಾ ಇದ್ದೇವೆ.