ಮಾರಾಟ, ವಸೂಲಿ, ನಡುವೆ ಒಂದು ಗೋಡೆ ಕ್ಯಾಲೆಂಡರ್

ಹಾಸನದಲ್ಲಿ ಕಾಫಿಪುಡಿಯ ಸಗಟು ಅಂಗಡಿಯೊಂದರ ಲೆಕ್ಕ ಬರೆಯುವವಳು ನಾನು. ಮಾರಾಟದ್ದೊಂದು, ವಸೂಲಿಯದೊಂದು, ಹೀಗೆ ಎರಡು ಕೋಷ್ಟಕಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ಅಂಕಿಗಳನ್ನು ಚಾರ್ಟಾಗಿ ತೋರಿಸುವ ಪವರ್ ಬಿಐ ತಂತ್ರಾಂಶದಲ್ಲಿ ಚಾರ್ಟ್ ಮಾಡಿ ಯಜಮಾನರಿಗೆ ತೋರಿಸುವುದು ತಿಂಗಳ ಕೊನೆಯ ಕೆಲಸ. ಮೊದಲ ಸಲ ತೋರಿಸಿದಾಗ ಮಾರಾಟದ ಗೆರೆ ತಳದಲ್ಲಿ ಮುದುಡಿಕೊಂಡಿತ್ತು. ವಸೂಲಿಯ ಗೆರೆ ಬಟ್ಟೆ ಒಣಗಿಸುವ ತಂತಿಯ ಹಾಗೆ ಮೇಲೆ ನೆಟ್ಟಗೆ ಎಳೆದಿತ್ತು. ಯಜಮಾನರು ಕನ್ನಡಕ ಸರಿಪಡಿಸಿಕೊಂಡು, "ಏನಮ್ಮಾ, ತಿಂಗಳಿಗೆ ಮೂವತ್ತೆಂಟು ಲಕ್ಷ ಮಾರಿ ಎಂಟೂವರೆ ಕೋಟಿ ವಸೂಲು ಮಾಡುತ್ತಿದ್ದೇವೆಯೇ?" ಎಂದರು.

ಆ ಎಂಟೂವರೆ ಕೋಟಿ ಎರಡು ವರ್ಷದ ಒಟ್ಟು ವಸೂಲಿ. ಚಾರ್ಟಿನ ಅಡಿಯಲ್ಲಿದ್ದ ದಿನಾಂಕ ಮಾರಾಟದ ಕೋಷ್ಟಕದ್ದು. ವಸೂಲಿಗೂ ಅದಕ್ಕೂ ಯಾವ ನಂಟೂ ಇಲ್ಲದ ಕಾರಣ ಪ್ರತಿ ತಿಂಗಳಿಗೂ ಇಡೀ ಮೊತ್ತವೇ ಬಂದು ಕುಳಿತಿತ್ತು. ಎಲ್ಲ ತಿಂಗಳಿಗೂ ಒಂದೇ ಅಂಕಿ ಕಂಡರೆ ಕಾರಣ ಬಹುತೇಕ ಇದೇ.

ಎರಡೂ ಕೋಷ್ಟಕಗಳ ದಿನಾಂಕಗಳನ್ನು ನೇರವಾಗಿ ಜೋಡಿಸಲು ಹೋಗಬೇಡಿ. ನಾನು ಹೋಗಿದ್ದೆ. ಒಂದೇ ದಿನಕ್ಕೆ ಇಲ್ಲಿ ಹತ್ತು ಬಿಲ್ಲು, ಅಲ್ಲಿ ಆರು ರಸೀದಿ. ತಂತ್ರಾಂಶ ಎಚ್ಚರಿಕೆ ಕೊಟ್ಟಿತು, ನಾನು ಲೆಕ್ಕಿಸಲಿಲ್ಲ. ಭಾನುವಾರ ನಮಗೆ ರಜೆ, ಬಿಲ್ಲು ಇಲ್ಲ. ಆದರೆ ಗಿರಾಕಿಗಳು ಮೊಬೈಲಿನಲ್ಲಿ ಹಣ ಹಾಕುತ್ತಾರೆ. ಆ ವಸೂಲಿಗೆ ದಿನವಾರು ಚಾರ್ಟಿನಲ್ಲಿ ಜಾಗವೇ ಸಿಗಲಿಲ್ಲ.

ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಅಡ್ಡಗೆರೆ, ಗ್ಯಾಸ್ ಬಂದ ದಿನಕ್ಕೆ ಸುತ್ತು. ಹಾಲಿಗೂ ಗ್ಯಾಸಿಗೂ ಸಂಬಂಧವಿಲ್ಲ. ಇಬ್ಬರೂ ಗುರುತು ಬೀಳಿಸುವುದು ಅದೇ ಚೌಕದೊಳಗೆ. ಇಲ್ಲಿಯೂ ಅಂಥ ಮೂರನೆಯ ಕೋಷ್ಟಕವೊಂದು ಬೇಕು: ದಿನಕ್ಕೊಂದೇ ಸಾಲು, ಒಂದು ದಿನವೂ ತಪ್ಪಕೂಡದು.

ಮಾಡೆಲಿಂಗ್ ವಿಭಾಗದಲ್ಲಿ ನ್ಯೂ ಟೇಬಲ್ ಒತ್ತಿ, ಕ್ಯಾಲೆಂಡರ್ ಎಂಬ ಸೂತ್ರಕ್ಕೆ ಮೊದಲ ದಿನ, ಕೊನೆಯ ದಿನ ಕೊಡಿ. ನಾನು ಕೊಟ್ಟಿದ್ದು 2023ರ ಏಪ್ರಿಲ್ 1 ಮತ್ತು 2025ರ ಮಾರ್ಚ್ 31. ಬಂದ ಸಾಲು 731. 2024ರ ಫೆಬ್ರವರಿಗೆ 29 ದಿನವಿತ್ತಲ್ಲ. ನಂತರ ಇದನ್ನು ದಿನಾಂಕದ ಕೋಷ್ಟಕವೆಂದು ಗುರುತು ಮಾಡಿ, ಮಾಡೆಲ್ ನೋಟಕ್ಕೆ ಹೋಗಿ, ಇದರ ದಿನಾಂಕವನ್ನು ಎಳೆದು ಮಾರಾಟದ ದಿನಾಂಕದ ಮೇಲೊಮ್ಮೆ, ವಸೂಲಿಯ ದಿನಾಂಕದ ಮೇಲೊಮ್ಮೆ ಬಿಡಿ. ಎರಡು ಕೋಷ್ಟಕಗಳನ್ನು ಜೋಡಿಸುವ ಗೆರೆಯ ಕ್ಯಾಲೆಂಡರ್ ತುದಿಯಲ್ಲಿ 1, ಆಚೆ ತುದಿಯಲ್ಲಿ ನಕ್ಷತ್ರ ಕಾಣಬೇಕು: ಇಲ್ಲಿ ದಿನಕ್ಕೊಂದು ಸಾಲು, ಅಲ್ಲಿ ಹಲವು ಎಂದರ್ಥ. ಚಾರ್ಟಿನ ಅಡಿಗೆ ಇನ್ನು ಮುಂದೆ ಕ್ಯಾಲೆಂಡರಿನ ದಿನಾಂಕವನ್ನೇ ಹಾಕಿ. ಇಷ್ಟೆಲ್ಲ ಮಾಡಿ ಇದೊಂದನ್ನು ಮರೆಯುವವರೇ ಹೆಚ್ಚು.

ಬಿಲ್ಲಿನ ದಿನಾಂಕದ ಜೊತೆಗೆ ಬಾಕಿ ತೀರಿಸಬೇಕಾದ ದಿನಾಂಕವೂ ಇದ್ದರೆ ಅದನ್ನೂ ಜೋಡಿಸಬಹುದು. ಆದರೆ ಎರಡರಲ್ಲಿ ಒಂದೇ ಗೆರೆ ಜೀವಂತ, ಇನ್ನೊಂದು ಚುಕ್ಕಿಗೆರೆ. ಅದು ಬೇಕಾದಾಗ ಯೂಸ್‌ರಿಲೇಶನ್‌ಶಿಪ್ ಸೂತ್ರದಿಂದ ಎಬ್ಬಿಸಬೇಕು.

ಇಷ್ಟಾದ ಮೇಲೂ ನನ್ನ ಚಾರ್ಟಿನಲ್ಲಿ ನಗದು ವಸೂಲಿ ಮಾತ್ರ ಬಂತು. ಒಂದು ಸಂಜೆ ಪೂರ್ತಿ ಹೋಯಿತು. ಕ್ಯೂಆರ್ ಮೂಲಕ ಬಂದ ಹಣದ ಪಟ್ಟಿಯಲ್ಲಿ ದಿನಾಂಕದ ಜೊತೆ ಗಂಟೆಯೂ ಅಂಟಿಕೊಂಡಿತ್ತು. ಎಕ್ಸೆಲ್ ದಿನಗಳನ್ನು ಸಂಖ್ಯೆಯಾಗಿ ಎಣಿಸುತ್ತದೆ, ಗಂಟೆ ಅದರ ದಶಮಾಂಶ. ಆ ಲೆಕ್ಕದಲ್ಲಿ 2024ರ ಏಪ್ರಿಲ್ 1 ಎಂದರೆ 45383. ಅದೇ ದಿನ ಮಧ್ಯಾಹ್ನ ಎರಡೂವರೆ ದಾಟಿದರೆ ಸುಮಾರು 45383.61. ಕಣ್ಣಿಗೆ ಒಂದೇ ದಿನ, ಯಂತ್ರಕ್ಕೆ ಬೇರೆ ಬೇರೆ. ತೋರಿಸುವ ರೀತಿ ಬದಲಿಸಿದರೆ ಗಂಟೆ ಅಡಗುತ್ತದೆ, ಹೋಗುವುದಿಲ್ಲ. ಪವರ್ ಬಿಐಯೊಳಗೇ ಕೋಷ್ಟಕಗಳನ್ನು ಶುಚಿ ಮಾಡುವ ಪವರ್ ಕ್ವೆರಿಯಲ್ಲಿ ಆ ಅಂಕಣದ ಬಗೆಯನ್ನೇ ಡೇಟ್ ಎಂದು ಬದಲಿಸಿ. ಅಲ್ಲಿದ್ದಾಗಲೇ 03/04 ಎಂಬುದು ಏಪ್ರಿಲ್ 3 ಆಗಿಯೇ ಬಂದಿದೆಯೇ ನೋಡಿಕೊಳ್ಳಿ. ಅಮೆರಿಕದ ಕ್ರಮ ಹಿಡಿದಿದ್ದರೆ 12ರವರೆಗಿನ ದಿನಗಳು ಸದ್ದಿಲ್ಲದೆ ತಿಂಗಳು ಬದಲಿಸುತ್ತವೆ, 13ರಿಂದ ಮಾತ್ರ ದೋಷ ಕಾಣುತ್ತದೆ. ಬಗೆ ಬದಲಿಸುವ ಪಟ್ಟಿಯಲ್ಲಿ ಯೂಸಿಂಗ್ ಲೊಕೇಲ್ ಆರಿಸಿ ಭಾರತದ ಇಂಗ್ಲಿಷ್ ಕೊಟ್ಟರೆ ಸರಿಹೋಗುತ್ತದೆ.

ತಿಂಗಳ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯಂತೆ ಏಪ್ರಿಲ್, ಆಗಸ್ಟ್, ಡಿಸೆಂಬರ್ ಎಂದು ಸಾಲುಗಟ್ಟುತ್ತವೆ. ಏಪ್ರಿಲ್‌ಗೆ 1, ಮಾರ್ಚ್‌ಗೆ 12 ಬರುವಂತೆ ಅಂಕಣವೊಂದನ್ನು ಸೇರಿಸಿ, ಸಾರ್ಟ್ ಬೈ ಕಾಲಮ್‌ನಲ್ಲಿ ಅದನ್ನು ಆರಿಸಿ.

ಕ್ಯಾಲೆಂಡರ್ ಆಟೋ ಎಂಬ ಸೂತ್ರ ಮೊದಲ, ಕೊನೆಯ ದಿನಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ನಾನು ಅದನ್ನು ಬಳಸುವುದಿಲ್ಲ. ನಮ್ಮ ವಸೂಲಿಯಲ್ಲಿ ಒಂದು ಮೊತ್ತ, ಕ್ಯಾಲೆಂಡರಿನಲ್ಲಿ ತನ್ನ ದಿನ ಸಿಗದೆ, ಬ್ಲ್ಯಾಂಕ್ ಎಂಬ ಹೆಸರಿನಡಿ ಒಂಟಿಯಾಗಿ ನಿಂತಿತ್ತು. ಹುಡುಕಿದರೆ ರಸೀದಿಯ ವರ್ಷ 2042. 2024 ಎಂದು ಹೊಡೆಯಬೇಕಿದ್ದವಳು ನಾನೇ. ಆಟೋ ಆಗಿದ್ದರೆ ನನ್ನ ತಪ್ಪಿಗೆ ಹದಿನೇಳು ವರ್ಷದ ಖಾಲಿ ಕ್ಯಾಲೆಂಡರನ್ನು ಅದು ಮರುಮಾತಿಲ್ಲದೆ ಮುದ್ರಿಸಿಕೊಡುತ್ತಿತ್ತು.