ಮೊದಲು ಪರದೆಯ ಮೇಲೆ ಬೀಳಿಸಿ

ರಿಮೋಟಿನಿಂದ ಹಾರಿಸುವ ನನ್ನ ಮೊದಲ ಥರ್ಮೋಕೋಲ್ ವಿಮಾನದ ಆಯುಸ್ಸು 11 ಸೆಕೆಂಡು. ಅದರ ಬಾಲ ಇಂದಿಗೂ ತೆಂಗಿನ ಮರದಲ್ಲಿದೆ. ಆಮೇಲೆಯೇ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ವಿಮಾನ ಹಾರಿಸಿ ಕಲಿಯುವ ತಂತ್ರಾಂಶ, ನೆನಪಾದದ್ದು.

ಕೀಬೋರ್ಡಿನಲ್ಲಿ ಹಾರಿಸಬೇಡಿ, ಬೆರಳುಗಳು ತಪ್ಪು ಪಾಠ ಕಲಿಯುತ್ತವೆ. ಮೈದಾನದಲ್ಲಿ ಹಿಡಿಯುವ ಟ್ರಾನ್ಸ್‌ಮಿಟರನ್ನೇ (ರಿಮೋಟ್) ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ. ಅದರ ಕಡ್ಡಿಗಳನ್ನು ನಾಲ್ಕೂ ದಿಕ್ಕಿನ ತುದಿಯವರೆಗೆ ಆಡಿಸಿ ಕ್ಯಾಲಿಬ್ರೇಟ್ ಮಾಡಿ, ಅಂದರೆ ಅವು ಎಲ್ಲಿಯವರೆಗೆ ಆಡುತ್ತವೆಂದು ಸಿಮ್ಯುಲೇಟರಿಗೆ ತಿಳಿಸಿ. ರಿಯಲ್‌ಫ್ಲೈಟ್ ಎಂಬ ಸಿಮ್ಯುಲೇಟರಿಗೆ ಹಣ ತೆರಬೇಕು. ಆರಂಭಕ್ಕೆ ಉಚಿತವಾದ ಪಿಕಾಸಿಮ್ ಧಾರಾಳವಾಯಿತು. ಜೆಟ್ ಆರಿಸುವ ಆಸೆಯನ್ನು ಅದುಮಿಟ್ಟು, ಒಡಲಿನ ಮೇಲ್ಭಾಗದಲ್ಲಿ ರೆಕ್ಕೆಯಿರುವ ಟ್ರೈನರ್ (ಕಲಿಯುವವರ ವಿಮಾನ) ಹಾರಿಸಿ.

ನಿಜವಾದ ಕಷ್ಟ ವಿಮಾನ ನಿಮ್ಮತ್ತ ಮುಖ ಮಾಡಿದಾಗ. ಎಡ ಬಲವಾಗುತ್ತದೆ, ತಲೆ ಕೆಡುತ್ತದೆ. ಆಗ ಯೋಚಿಸದೆ, ಯಾವ ರೆಕ್ಕೆ ವಾಲಿತೋ ಆ ಕಡೆಗೇ ಏಲೆರಾನ್ (ರೆಕ್ಕೆಯ ಹಿಂಬದಿಯ ಅಲುಗಾಡುವ ಪಟ್ಟಿ) ಕಡ್ಡಿ ತಳ್ಳಿ, ವಾಲಿದ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ನಾನು ದಿನಕ್ಕೆ ಕಾಲು ಗಂಟೆಯಂತೆ ಮೂರು ವಾರ ಇದನ್ನೇ ಮಾಡಿದೆ. (ಮನೆಯವರು ಆಟವೆಂದೇ ತಿಳಿದಿದ್ದರು.)

ಇಳಿಸುವುದು ಕೈಗೆ ಹತ್ತಿದ ಮೇಲೆ ಅಡ್ಡಗಾಳಿ ಹೆಚ್ಚಿಸಿ ನೋಡಿ.

ಪರದೆಯ ವಿಮಾನದಲ್ಲಿ ಸರ್ವೊ (ಏಲೆರಾನನ್ನು ಆಡಿಸುವ ಪುಟ್ಟ ಮೋಟಾರು) ತಿರುಗುಮುರುಗಾಗಿ ಜೋಡಣೆಯಾಗಿರುವುದಿಲ್ಲ, ನಿಜವಾದ ವಿಮಾನದಲ್ಲಿ ಆಗಿರಬಹುದು. ಮೈದಾನದಲ್ಲಿ ಕಡ್ಡಿ ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಏಲೆರಾನ್ ಮೇಲೇಳುತ್ತದೆಯೇ ಎಂದು ನೋಡಿಯೇ ಹಾರಿಸಿ.