ನರ್ಸಿಂಗ್, ಫಾರ್ಮಸಿ ಸೇರಿದ್ದೀರಾ? ಕೆಮಿಸ್ಟ್ರಿಯನ್ನು ಸಲೈನ್ ಬಾಟಲಿಯಿಂದ ಶುರು ಮಾಡಿ

ಬಳ್ಳಾರಿಯಲ್ಲಿ ಜನ ಇವತ್ತಿಗೂ ವಿಮ್ಸ್ ಅಂತಲೇ ಕರೆಯುವ ದೊಡ್ಡಾಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಮೂರೂ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸುತ್ತಮುತ್ತ ನರ್ಸಿಂಗ್, ಫಾರ್ಮಸಿ, ಪ್ಯಾರಾಮೆಡಿಕಲ್ ಕಾಲೇಜುಗಳೂ ಇವೆ. ಸಿಂಧನೂರು, ಕುಷ್ಟಗಿ, ಸಂಡೂರು ಕಡೆಯಿಂದ ಬಂದು ಸೇರುವ ಮಕ್ಕಳು ಮೊದಲ ವರ್ಷ ಎಡವುವುದು ಬಹಳ ಸಲ ಕೆಮಿಸ್ಟ್ರಿಯಲ್ಲೇ. "ಸೂಜಿ ಚುಚ್ಚೋದಕ್ಕೆ ಮೋಲ್ ಯಾಕೆ ಬೇಕು ಸರ್?" ಎಂದು ಕೇಳುತ್ತಾರೆ. ಬೇಕು. ಆದರೆ ಪಿಯುಸಿಯಲ್ಲಿ ಓದಿದ ರೀತಿಯಲ್ಲಿ ಬೇಡ. ಇಲ್ಲಿ ಕೆಮಿಸ್ಟ್ರಿ ಎಂದರೆ ಬಹುಪಾಲು ಅಳತೆಯ ವಿಷಯ. ಅಳತೆ ಕೈಗೆ ಬಂದರೆ ಮುಕ್ಕಾಲು ಪಾಲು ಪುಸ್ತಕ ಬಂದಂತೆ.

ಮೊದಲು ನಿಮ್ಮ ಸಿಲಬಸ್ ನೋಡಿ

ಎಲ್ಲರಿಗೂ ಒಂದೇ ಪಾಠ ಇರುವುದಿಲ್ಲ. ಬಿ.ಫಾರ್ಮಾದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಫಾರ್ಮಾಸ್ಯುಟಿಕಲ್ ಅನಾಲಿಸಿಸ್ ಎರಡೂ ಬರುತ್ತವೆ. ಡಿ.ಫಾರ್ಮಾದವರಿಗೆ ಮೊದಲ ವರ್ಷ ಫಾರ್ಮಾಸ್ಯುಟಿಕಲ್ ಕೆಮಿಸ್ಟ್ರಿ. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಬಯೋಕೆಮಿಸ್ಟ್ರಿ ಪೌಷ್ಟಿಕಾಂಶದ ಜೊತೆ ಎರಡನೇ ಸೆಮಿಸ್ಟರ್‌ನಲ್ಲಿ ಬರುತ್ತದೆ. ನರ್ಸಿಂಗ್ ಡಿಪ್ಲೊಮಾ ಆದ ಜಿಎನ್ಎಂಗೆ ಕಲಾ ವಿಭಾಗದವರೂ ಸೇರಬಹುದು. ಅವರಿಗೆ ಕೆಮಿಸ್ಟ್ರಿ ಎದುರಾಗುವುದು ಔಷಧದ ಡೋಸ್ ಲೆಕ್ಕದಲ್ಲಿ. ಸೀನಿಯರ್ ಕೊಟ್ಟ ಹಳೇ ನೋಟ್ಸ್ ನಂಬಿ ಕೂರಬೇಡಿ, ಸಿಲಬಸ್ ಬದಲಾಗಿರುತ್ತದೆ. ಪುಸ್ತಕ ಮಾತ್ರ ಧಾರಾಳವಾಗಿ ಇಸಿದುಕೊಳ್ಳಿ.

ಕನ್ನಡ ಮಾಧ್ಯಮದಿಂದ ಬಂದವರು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದುಕೊಳ್ಳಿ. ಒಂದು ಕಡೆ ಮೇಷ್ಟ್ರು ಹೇಳಿದ್ದು, ಇನ್ನೊಂದು ಕಡೆ ನಿಮಗೆ ಅರ್ಥವಾಗಿದ್ದು, ನಿಮ್ಮ ಮಾತಿನಲ್ಲೇ. ಪರೀಕ್ಷೆ ಹತ್ತಿರ ಬಂದಾಗ ನಿಮ್ಮ ಕಡೆಯದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆಮೇಲೆ ಯೂನಿಟ್, ಬೇರೇನೂ ಬೇಡ

ಮೊದಲ ವಾರ ಪರಮಾಣು ರಚನೆ ಪಕ್ಕಕ್ಕಿಡಿ. ಗ್ರಾಂ, ಮಿಲಿಗ್ರಾಂ, ಮೈಕ್ರೋಗ್ರಾಂ. ಲೀಟರ್, ಡೆಸಿಲೀಟರ್, ಮಿಲಿಲೀಟರ್. ಒಂದರಿಂದ ಇನ್ನೊಂದಕ್ಕೆ ಕಣ್ಣು ಮುಚ್ಚಿಕೊಂಡು ಬದಲಾಯಿಸಲು ಬರಬೇಕು. ಥೈರಾಯ್ಡ್ ಮಾತ್ರೆ ನೋಡಿದ್ದೀರಲ್ವಾ? ಅದರ ಮೇಲಿರುವ 50, 100 ಎಲ್ಲ ಮೈಕ್ರೋಗ್ರಾಂ ಲೆಕ್ಕ. ಅದನ್ನು ಮಿಲಿಗ್ರಾಂ ಎಂದು ಓದಿದರೆ ಡೋಸ್ 1000 ಪಟ್ಟು ಆಯಿತು. ಪರೀಕ್ಷೆಯಲ್ಲಾದರೆ ಒಂದು ಮಾರ್ಕ್ಸ್ ಹೋಗುತ್ತದೆ. ವಾರ್ಡಿನಲ್ಲಿ ಹೋಗುವುದು ಏನು ಎಂದು ಹೇಳಬೇಕಿಲ್ಲ.

ನಮ್ಮ ನೀರನ್ನೇ ತೆಗೆದುಕೊಳ್ಳಿ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ವರದಿಯಲ್ಲಿ ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು, ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ಕುಡಿಯುವ ನೀರಿನ ಮಟ್ಟಿಗೆ ಲೀಟರಿಗೆ 1 ಮಿಲಿಗ್ರಾಂ ಮತ್ತು 1 ಪಿಪಿಎಂ ಒಂದೇ.

ಈಗ ಬಾಟಲಿ ಹಿಡಿಯಿರಿ

ಖಾಲಿ ಸಲೈನ್ ಬಾಟಲಿಯ ಲೇಬಲ್ ನಿಧಾನಕ್ಕೆ ಓದಿ. 0.9% ಸೋಡಿಯಂ ಕ್ಲೋರೈಡ್ ಎಂದಿರುತ್ತದೆ. ಅಂದರೆ 100 ಮಿ.ಲೀ.ನಲ್ಲಿ 0.9 ಗ್ರಾಂ ಉಪ್ಪು. 500 ಮಿ.ಲೀ. ಬಾಟಲಿಯಲ್ಲಿ 4.5 ಗ್ರಾಂ, ಲೀಟರಿಗೆ 9 ಗ್ರಾಂ. ಇಲ್ಲಿಯವರೆಗೆ ಏಳನೇ ಕ್ಲಾಸಿನ ಲೆಕ್ಕ.

ಮುಂದೆ ಮೋಲ್. ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಯಾರೂ ಕಾಳು ಎಣಿಸುವುದಿಲ್ಲ, ತೂಗುತ್ತಾರೆ. ಸಾವಿರ ಕಾಳಿನ ತೂಕ ಗೊತ್ತಿದ್ದರೆ ಚೀಲದಲ್ಲಿ ಎಷ್ಟು ಕಾಳಿವೆ ಎಂದು ತೂಗಿಯೇ ಹೇಳಬಹುದು. ಮೋಲ್ ಕೂಡ ತೂಗಿ ಎಣಿಸುವ ಉಪಾಯವೇ. ಪರಮಾಣು ತೂಕ ಸೋಡಿಯಂಗೆ 23, ಕ್ಲೋರಿನ್‌ಗೆ 35.5, ಕೂಡಿಸಿದರೆ 58.5. ಅಷ್ಟು ಗ್ರಾಂ ಉಪ್ಪು ಒಂದು ಮೋಲ್. 9 ಗ್ರಾಂ ಅನ್ನು 58.5ರಿಂದ ಭಾಗಿಸಿ. 0.154 ಮೋಲ್ ಬರುತ್ತದೆ, ಅಂದರೆ 154 ಮಿಲಿಮೋಲ್. ಈಗ ಅದೇ ಲೇಬಲ್ಲಿನ ಕೆಳಗಿನ ಸಾಲು ನೋಡಿ. ಸೋಡಿಯಂ 154, ಕ್ಲೋರೈಡ್ 154 ಎಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ನಿಮ್ಮ ಉತ್ತರವನ್ನು ಕಂಪನಿಯವರೇ ತಾಳೆ ನೋಡಿ ಕೊಟ್ಟಂತಾಯಿತು.

0.9 ಯಾಕೆ, 2 ಯಾಕಲ್ಲ? ರಕ್ತದ ಕಣಗಳಿಗೆ ಹೊಂದುವ ಸಾಂದ್ರತೆ ಅದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಕೆಂಪು ರಕ್ತಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಉಪ್ಪು ಜಾಸ್ತಿಯಾದರೆ ನೀರು ಬಿಟ್ಟು ಸುಕ್ಕುಗಟ್ಟುತ್ತವೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಆಸ್ಮೋಸಿಸ್ ಇದೇ.

ಇದೇ ದಾರಿಯಲ್ಲಿ ಓಆರ್‌ಎಸ್ ಪ್ಯಾಕೆಟ್ ಬಿಡಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅದು ಮನೆಮನೆಯಲ್ಲೂ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ. ಗ್ಲೂಕೋಸಿನ ಒಂದು ಮೋಲ್ 180 ಗ್ರಾಂ. ಭಾಗಿಸಿದರೆ 75 ಮಿಲಿಮೋಲ್. ಸೋಡಿಯಂ ಕೂಡ ಅಷ್ಟೇ, 75. ಇದು ಕಾಕತಾಳೀಯವಲ್ಲ. ಕರುಳಿನಲ್ಲಿ ಗ್ಲೂಕೋಸ್ ಜೊತೆಯಲ್ಲಿದ್ದರೆ ಸೋಡಿಯಂ ಚೆನ್ನಾಗಿ ಒಳಗೆ ಹೋಗುತ್ತದೆ, ನೀರು ಅದರ ಹಿಂದೆ ಹೋಗುತ್ತದೆ. ಒಂದು ಲೀಟರಿನ ಪ್ಯಾಕೆಟ್ಟನ್ನು ಅರ್ಧ ಲೀಟರಿಗೆ ಕಲಸಿದರೆ ಎಲ್ಲವೂ ದುಪ್ಪಟ್ಟಾಗಿ ಭೇದಿ ಇನ್ನೂ ಕೆಡಬಹುದು. ಸಣ್ಣ ಪ್ಯಾಕೆಟ್ಟುಗಳೂ ಬರುತ್ತವೆ, ಎಷ್ಟು ನೀರಿಗೆ ಎಂದು ಓದಿಯೇ ಕಲಸಬೇಕು.

ಶುಗರ್ ರಿಪೋರ್ಟ್ ಇನ್ನೊಂದು ಒಳ್ಳೆಯ ಲೆಕ್ಕ. ನಮ್ಮಲ್ಲಿ ಮಿಲಿಗ್ರಾಂ ಪರ್ ಡೆಸಿಲೀಟರ್ ಬರೆಯುತ್ತಾರೆ, ಬೇರೆ ಎಷ್ಟೋ ದೇಶಗಳಲ್ಲಿ ಮಿಲಿಮೋಲ್ ಪರ್ ಲೀಟರ್. 18ರಿಂದ ಭಾಗಿಸಿ ಎಂದು ಗೈಡ್‌ಗಳು ಸುಮ್ನೆ ಹೇಳಿಬಿಡುತ್ತವೆ. 18 ಎಲ್ಲಿಂದ ಬಂತು? ಡೆಸಿಲೀಟರಿಗೆ 180 ಮಿ.ಗ್ರಾಂ ಎಂದರೆ ಲೀಟರಿಗೆ 1800 ಮಿ.ಗ್ರಾಂ. 180ರಿಂದ ಭಾಗಿಸಿದರೆ 10 ಮಿಲಿಮೋಲ್. ಹತ್ತರಿಂದ ಗುಣಿಸಿ 180ರಿಂದ ಭಾಗಿಸುವುದೂ, 18ರಿಂದ ಭಾಗಿಸುವುದೂ ಒಂದೇ ತಾನೆ? ಹೀಗೆ ಒಮ್ಮೆ ಬಿಡಿಸಿದವರು ಅದನ್ನು ಮರೆಯುವುದಿಲ್ಲ.

ತೆಳು ಮಾಡುವ ಲೆಕ್ಕ

ಆಸ್ಪತ್ರೆಯ ನೆಲ ಒರೆಸುವ ಹೈಪೋಕ್ಲೋರೈಟ್ 5% ಇದೆ, ನಿಮಗೆ 0.5% ಬೇಕು, ಒಂದು ಲೀಟರ್ ಬೇಕು. ಸಾಂದ್ರತೆ ಗುಣಿಸು ಪ್ರಮಾಣ ಎರಡೂ ಕಡೆ ಸಮ. 5 × ಎಷ್ಟು = 0.5 × 1000. ಉತ್ತರ 100 ಮಿ.ಲೀ. ಅದಕ್ಕೆ 900 ಮಿ.ಲೀ. ನೀರು. ಬಹಳ ಮಂದಿ 1000 ಮಿ.ಲೀ. ನೀರು ಸುರಿಯುತ್ತಾರೆ. ಆಗ ಒಟ್ಟು 1100 ಆಗಿ ಲೆಕ್ಕ ತಪ್ಪುತ್ತದೆ. ಇದನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಎಂದೂ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಆಸಿಡ್, ಬೇಸ್, ಪಿಎಚ್

ಇಲ್ಲಿ ಎರಡು ಸಂಗತಿ ಗಟ್ಟಿ ಮಾಡಿಕೊಳ್ಳಿ. ಪಿಎಚ್ ಇಳಿದಷ್ಟೂ ಆಮ್ಲ ಜಾಸ್ತಿ, ಒಂದು ಅಂಕಿ ಬದಲಾದರೆ ಆಮ್ಲದ ಪ್ರಮಾಣ ಹತ್ತು ಪಟ್ಟು ಬದಲಾಗುತ್ತದೆ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. 7.4ರಿಂದ 7.1ಕ್ಕೆ ಇಳಿದರೆ ನೋಡಲು ಸಣ್ಣ ಅಂತರ. ಆದರೆ ಹೈಡ್ರೋಜನ್ ಅಯಾನುಗಳು ಹೆಚ್ಚುಕಡಿಮೆ ದುಪ್ಪಟ್ಟಾಗಿರುತ್ತವೆ, ರೋಗಿಯ ಸ್ಥಿತಿ ಗಂಭೀರ. ಇದನ್ನು ತಡೆಯಲು ದೇಹ ಇಟ್ಟುಕೊಂಡಿರುವ ಬೈಕಾರ್ಬೊನೇಟ್ ಬಫರ್ (ಪಿಎಚ್ ಹೆಚ್ಚು ಏರುಪೇರಾಗದಂತೆ ತಡೆಯುವ ದ್ರಾವಣ) ಮೇಲೆ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಂಡೇ ಓದಿ. ಹಾಗೇ ಗ್ಯಾಸ್ಟ್ರಿಕ್‌ಗೆ ಕುಡಿಯುವ ಬಿಳಿ ಔಷಧ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎರಡೂ ಇರುತ್ತವೆ. ಒಂದು ಭೇದಿ ಮಾಡಿಸುತ್ತದೆ, ಇನ್ನೊಂದು ಮಲಬದ್ಧತೆ. ಎರಡನ್ನೂ ಸೇರಿಸಿದರೆ ಸರಿಹೋಗುತ್ತದೆ.

ಲ್ಯಾಬ್‌ನಲ್ಲಿ ಕೈ ಕೂರಬೇಕು

ಟೈಟ್ರೇಷನ್, ಅಂದರೆ ಒಂದು ದ್ರಾವಣವನ್ನು ಅಳೆದು ಇನ್ನೊಂದಕ್ಕೆ ಬಿಡುತ್ತಾ ಅದರ ಸಾಂದ್ರತೆ ಕಂಡುಹಿಡಿಯುವುದನ್ನು, ಪುಸ್ತಕದಲ್ಲಿ ಓದಿ ಕಲಿಯಲು ಆಗುವುದಿಲ್ಲ. ಬ್ಯುರೆಟ್ಟನ್ನು (ಕೆಳಗೆ ನಲ್ಲಿ ಇರುವ ಉದ್ದನೆಯ ಅಳತೆ ಕೊಳವೆ) ಅದರಲ್ಲಿ ತುಂಬುವ ದ್ರಾವಣದಿಂದಲೇ ಒಮ್ಮೆ ತೊಳೆಯಿರಿ. ಕೋನಿಕಲ್ ಫ್ಲಾಸ್ಕ್‌ಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಸಾಕು. ತುಂಬಿದ ಮೇಲೆ ಫನೆಲ್ ತೆಗೆದಿಡಿ. ಅದರ ತುದಿಯಲ್ಲಿ ನಿಂತ ಹನಿ ನಡುವೆ ಬಿದ್ದರೆ ರೀಡಿಂಗ್ ಕೆಡುತ್ತದೆ. ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಉಳಿದಿದೆಯೇ ನೋಡಿ. ಪಿಪೆಟ್ಟಿಗೆ ಬಾಯಿ ಹಾಕಬೇಡಿ, ರಬ್ಬರ್ ಬಲ್ಬ್ ಕೇಳಿ ಪಡೆಯಿರಿ. ಸಾಮಾನ್ಯ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬೇಡಿ. ಅದನ್ನು ಬಿಟ್ಟೇ ಅಳತೆ ಮಾಡಿರುತ್ತಾರೆ.

ಆಸಿಡ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಬಿಡುವಾಗ ಫ್ಲಾಸ್ಕ್‌ಗೆ ಹಾಕಿದ ಸೂಚಕ ಫಿನಾಲ್ಫ್ತಲೀನ್‌ನ ಬಣ್ಣವೇ ದಿಕ್ಕು. ಹನಿ ಬಿದ್ದ ಜಾಗದಲ್ಲಿ ಗುಲಾಬಿ ಬಂದು ಅಲ್ಲಾಡಿಸಿದರೆ ಮಾಯವಾಗುತ್ತಿರುತ್ತದೆ. ಮಾಯವಾಗುವುದು ನಿಧಾನವಾಯಿತು ಎಂದರೆ ಕೈ ಬಿಗಿ ಮಾಡಿ, ಒಂದೊಂದೇ ಹನಿ. ಫ್ಲಾಸ್ಕ್ ಕೆಳಗೆ ಬಿಳಿ ಹಾಳೆ ಇಟ್ಟುಕೊಳ್ಳಿ. ತೀರಾ ತಿಳಿ ಗುಲಾಬಿ ನಿಂತರೆ ಅದೇ ಕೊನೆ. ಕಡು ಗುಲಾಬಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅಷ್ಟರಲ್ಲಿ ನೀವು ದಾಟಿ ಹೋಗಿರುತ್ತೀರಿ. ಸ್ವಲ್ಪ ಹೊತ್ತು ಬಿಟ್ಟರೆ ಆ ತಿಳಿ ಬಣ್ಣವೂ ಹೋಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮಾಡುವ ಕೆಲಸ ಅದು, ನಿಮ್ಮ ತಪ್ಪಲ್ಲ. ವೈವಾದಲ್ಲಿ ಕೇಳಿದರೆ ಹಾಗೇ ಹೇಳಿ.

ಪಕ್ಕದವರ ರೀಡಿಂಗ್ ಕಾಪಿ ಮಾಡಿದರೆ ರೆಕಾರ್ಡ್ ಬುಕ್ ತುಂಬುತ್ತದೆ, ಕೈ ಕೂರುವುದಿಲ್ಲ. ನಾಳೆ ಲ್ಯಾಬ್ ಟೆಕ್ನಿಷಿಯನ್ ಆದಾಗ ಪಕ್ಕದಲ್ಲಿ ಯಾರಿರುತ್ತಾರೆ?

ಉಳಿದದ್ದು

ಆರ್ಗ್ಯಾನಿಕ್ ಭಾಗದಲ್ಲಿ ನರ್ಸಿಂಗ್‌ನವರು ಜಾಸ್ತಿ ಒದ್ದಾಡಬೇಕಿಲ್ಲ. ಸಕ್ಕರೆ, ಕೊಬ್ಬು, ಪ್ರೋಟೀನು, ಎಂಜೈಮುಗಳ ರೂಪ ಮತ್ತು ಕೆಲಸ ತಿಳಿದರೆ ದಾರಿ ಸಾಗುತ್ತದೆ. ಫಾರ್ಮಸಿಯವರಿಗೆ ಈ ರಿಯಾಯಿತಿ ಇಲ್ಲ, ಫಂಕ್ಷನಲ್ ಗ್ರೂಪ್‌ಗಳನ್ನು (ಅಣುವಿನ ಗುಣ ನಿರ್ಧರಿಸುವ ಪರಮಾಣು ಗುಂಪುಗಳನ್ನು) ದಿನಾ ಬರೆದೇ ಕಲಿಯಬೇಕು.

ಲೆಕ್ಕದ ಪ್ರಶ್ನೆಗೆ ಉತ್ತರ ಬರೆಯುವಾಗ ಕೊಟ್ಟಿರುವ ಅಂಕಿಗಳನ್ನು ಯೂನಿಟ್ ಸಮೇತ ಮೊದಲು ಬರೆದುಕೊಳ್ಳಿ. ಆಮೇಲೆ ಸೂತ್ರ, ಆಮೇಲೆ ಭಾಗಾಕಾರ. ಉತ್ತರ ತಪ್ಪಾದರೂ ಹಂತಗಳಿಗೆ ಮಾರ್ಕ್ಸ್ ಸಿಗಬಹುದು. ಕೊನೆಗೆ ಉತ್ತರ ನಂಬುವಂತಿದೆಯೇ ನೋಡಿ. ಒಂದು ಲೀಟರ್ ಸಲೈನ್‌ಗೆ 90 ಗ್ರಾಂ ಉಪ್ಪು ಎಂದು ಬಂದಿದ್ದರೆ ದಶಮಾಂಶದ ಚುಕ್ಕಿ ಎಲ್ಲೋ ಜಾರಿದೆ, ಮೇಲಿಂದ ಮತ್ತೆ ಬಿಡಿಸಿ.